ರಫೇಲ್ ಹೆಸರು ಎಲ್ಲರಿಗೂ ಗೊತ್ತು, ಟ್ಯಾಂಕರ್ ವಿಮಾನ ಗೊತ್ತಾ?

ಏರ್ ಶೋ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದ ಮಕ್ಕಳೆಲ್ಲ ತಾರಸಿ ಮೇಲೆ. ಯಲಹಂಕ ಹತ್ತಿರವೇ ಅಲ್ವಾ. ಅಕ್ಕನ ಮಗನಿಗೆ ಸುಖೋಯ್, ತೇಜಸ್ ಎಲ್ಲದರ ಹೆಸರೂ ಬಾಯಿಪಾಠ. ಮೊನ್ನೆ ಕೇಳಿದ, "ಮಾಮ, ರಫೇಲ್ ಫ್ರಾನ್ಸ್‌ನಿಂದ ಬರುವಾಗ ಪೆಟ್ರೋಲ್ ಎಲ್ಲಿ ಹಾಕಿಸಿಕೊಂಡಿತು?"

ಒಳ್ಳೆಯ ಪ್ರಶ್ನೆ. 2020ರ ಜುಲೈನಲ್ಲಿ ಮೊದಲ ಐದು ರಫೇಲ್‌ಗಳು ಅಂಬಾಲಾಕ್ಕೆ ಬಂದವಲ್ಲ, ಅವಕ್ಕೆ ದಾರಿಯಲ್ಲಿ 30,000 ಅಡಿ ಎತ್ತರದಲ್ಲಿ ಇಂಧನ ಕೊಟ್ಟಿದ್ದು ಫ್ರಾನ್ಸ್ ವಾಯುಪಡೆಯ ಟ್ಯಾಂಕರ್ ವಿಮಾನ.

ಈ ಕೆಲಸ ಎಷ್ಟು ಕಷ್ಟ ಅಂತ ಸ್ವಲ್ಪ ಹೇಳಲೇಬೇಕು. ಟ್ಯಾಂಕರ್ ಉದ್ದದ ಪೈಪ್ ಇಳಿಬಿಡುತ್ತದೆ. ತುದಿಯಲ್ಲಿ ಒಂದು ಬುಟ್ಟಿ. ಹಿಂದೆ ಬರುವ ಫೈಟರ್‌ನ ಕೊಳವೆ ಅದರೊಳಗೆ ಸೇರಬೇಕು. ಆದರೆ ಫೈಟರ್ ಹತ್ತಿರ ಬಂದಂತೆ ಅದರ ಮೂಗು ತಳ್ಳಿದ ಗಾಳಿಯೇ ಬುಟ್ಟಿಯನ್ನು ಪಕ್ಕಕ್ಕೆ ಸರಿಸುತ್ತದೆ. ನಿಧಾನವಾಗಿ ಹೋದರೆ ಕೊಳವೆ ಕಚ್ಚಿಕೊಳ್ಳುವುದಿಲ್ಲ. ಜೋರಾಗಿ ಹೋದರೆ ಪೈಪ್ ಸಡಿಲವಾಗಿ ಚಾಟಿಯಂತೆ ಬೀಸುತ್ತದೆ, ಕೊಳವೆಯ ತುದಿ ಮುರಿಯಲೂಬಹುದು. ಬುಟ್ಟಿಯನ್ನೇ ನೋಡುತ್ತಾ ಅದರ ಹಿಂದೆ ಬೀಳಬೇಡಿ, ಟ್ಯಾಂಕರ್ ಮೇಲೆ ಕಣ್ಣಿಡಿ ಅಂತ ಪೈಲಟ್‌ಗಳಿಗೆ ಕಲಿಸುತ್ತಾರೆ. ಸೈಕಲ್ ಕಲಿಯುವಾಗ ಅಪ್ಪ "ಚಕ್ರ ನೋಡಬೇಡ, ದಾರಿ ನೋಡು" ಅನ್ನುತ್ತಿದ್ದರು, ಹಾಗೇ. ಇಂಧನ ತುಂಬಿದಂತೆ ಫೈಟರ್ ಭಾರವಾಗುತ್ತದೆ, ಟ್ಯಾಂಕರ್ ಹಗುರಾಗುತ್ತದೆ. ಆದರೂ ಜಾಗ ಬಿಟ್ಟು ಕದಲುವಂತಿಲ್ಲ. ರಾತ್ರಿ, ಮೋಡದ ನಡುವೆ ಇದನ್ನೇ ಮಾಡಬೇಕು ಅಂದರೆ ಯೋಚಿಸಿ.

ತಪ್ಪಿದರೆ ಏನಾಗುತ್ತದೆ? 1966ರಲ್ಲಿ ಸ್ಪೇನ್‌ನ ಪಾಲೊಮಾರೆಸ್ ಬಳಿ ಅಮೆರಿಕದ ಬಿ-52 ಬಾಂಬರ್ ಟ್ಯಾಂಕರ್‌ಗೆ ಡಿಕ್ಕಿಯಾಯಿತು. ಏಳು ಜನ ಸತ್ತರು. ನಾಲ್ಕು ಹೈಡ್ರೋಜನ್ ಬಾಂಬ್‌ಗಳು ಕೆಳಗೆ ಬಿದ್ದವು.

ನಮ್ಮ ಹುಡುಗರಿಗೂ ಈ ವಿದ್ಯೆ ಚೆನ್ನಾಗಿ ಬರುತ್ತದೆ. 2018ರ ಸೆಪ್ಟೆಂಬರ್ 10ರಂದು ತೇಜಸ್ ಮೊದಲ ಸಲ ಗಾಳಿಯಲ್ಲಿ ಇಂಧನ ತುಂಬಿಸಿಕೊಂಡಿತು. 20,000 ಅಡಿ ಎತ್ತರದಲ್ಲಿ 1,900 ಕಿಲೋ! ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಇಷ್ಟು ದೊಡ್ಡ ದೇಶಕ್ಕೆ 2003-04ರಲ್ಲಿ ತಂದ ಇಲ್ಯೂಶಿನ್-78 ಟ್ಯಾಂಕರ್‌ಗಳು ಬರೀ ಆರು. ಅವು ಬೇಕಾದಷ್ಟು ಹಾರಲು ಸಿದ್ಧ ಇರುವುದಿಲ್ಲ ಅಂತ 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೇ ಹೇಳಿತು. ನಮ್ಮ ಸಿ-17 ಸಾಗಣೆ ವಿಮಾನಕ್ಕೆ ಅವುಗಳಿಂದ ಇಂಧನ ಕೊಡಲೂ ಆಗುವುದಿಲ್ಲ, ಅದರ ಪದ್ಧತಿಯೇ ಬೇರೆ. ಏರ್‌ಬಸ್ ಟ್ಯಾಂಕರ್ ಕೊಳ್ಳುವ ಟೆಂಡರ್ ಎರಡು ಸಲ ರದ್ದಾಯಿತು, ಎರಡನೆಯದು 2016ರಲ್ಲಿ. ಕೊನೆಗೆ 2025ರಲ್ಲಿ ಪೈಲಟ್‌ಗಳ ತರಬೇತಿಗೆ ಅಂತ ಒಂದು ಕೆಸಿ-135 ಟ್ಯಾಂಕರ್ ಬಾಡಿಗೆಗೆ ಬಂತು. ಕೈ ಪಳಗಬೇಕಾದ ಕೆಲಸ ಇದು. ಅಭ್ಯಾಸಕ್ಕೆ ಟ್ಯಾಂಕರ್ ಸಿಗದಿದ್ದರೆ ಕೈ ಪಳಗುವುದು ಹೇಗೆ?

ಫೈಟರ್ ಎಷ್ಟು ಬಂತು ಅಂತ ಟಿವಿಯಲ್ಲಿ ಸಾವಿರ ಸಲ ಕೇಳುತ್ತೇವೆ. ಟ್ಯಾಂಕರ್ ಯಾವಾಗ ಬರುತ್ತದೆ ಅಂತ ನಮ್ಮ ಎಂಪಿಗಳು ಒಮ್ಮೆಯಾದರೂ ಲೋಕಸಭೆಯಲ್ಲಿ ಎದ್ದು ಕೇಳಲಿ.