ಗಾಳಿ ಇಳಿಸಿ, ಆಮೇಲೆ ಜಾಕ್ ಊರಿ

ಮಾಲೂರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಮೊದಲು ಕೇಳುವುದು, "ನಿನ್ನ ಮನೆಗಾಡಿ ಹೇಗಿದೆಯಪ್ಪಾ?" ಎಂದೇ. ಅವರು ಕೋಲಾರದ ಮಾರ್ಕೆಟ್‌ನಿಂದ ಚೆನ್ನೈಗೆ ವರ್ಷಗಟ್ಟಲೆ ಟೊಮೆಟೊ ಲಾರಿ ಓಡಿಸಿದವರು. ನಾನು ಅಮೆರಿಕದ ಅರಿಜೋನಾದಲ್ಲಿ ಒಂದು ಹಳೆಯ ಡೀಸೆಲ್ ಮೋಟರ್‌ಹೋಮ್, ಅಂದರೆ ಒಳಗೇ ಮನೆಯಿರುವ ಬಸ್ಸಿನಂಥ ಗಾಡಿ, ಇಟ್ಟುಕೊಂಡಿದ್ದೇನೆ.

ಈ ಸಲ ಅವರಿಗೊಂದು ಅನುಮಾನ. "ಬಲೂನಿನ ಮೇಲೆ ಕೂತಿರೋ ಗಾಡಿಗೆ ಮತ್ತೆ ನಾಲ್ಕು ಜಾಕ್ ಯಾಕೆ?"

ವೋಲ್ವೋ ಬಸ್ಸಿನ ಅಡಿಯಲ್ಲಿ ಕಮಾನ್ ಪ್ಲೇಟಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ) ಬದಲು ಗಾಳಿ ತುಂಬಿದ ರಬ್ಬರ್ ಬಲೂನು ಇರುತ್ತಲ್ಲ, ಆ ಥರದ್ದೇ ನಮ್ಮದಕ್ಕೂ ಇರುವುದು. ಓಡುವಾಗ ಕುಲುಕಾಟ ನುಂಗುವುದು ಅದರ ಕೆಲಸ. ಚಕ್ರದ ಅಚ್ಚಿಗೆ ಸಿಕ್ಕಿಸಿದ ಒಂದು ಕಡ್ಡಿ ವಾಲ್ವನ್ನು ಆಡಿಸುತ್ತದೆ. ಗಾಡಿ ತಗ್ಗಿದರೆ ಗಾಳಿ ತುಂಬುತ್ತದೆ, ಏರಿದರೆ ಬಿಡುತ್ತದೆ. ಆದರೆ ನಿಂತ ಮೇಲೆ ಬಲೂನನ್ನು ನಂಬುವ ಹಾಗಿಲ್ಲ. ರಾತ್ರಿಯೆಲ್ಲ ಒಂದಿಷ್ಟು ಗಾಳಿ ಸೋರುತ್ತದೆ. ಒಳಗೆ ಯಾರಾದರೂ ನಡೆದರೂ ಗಾಡಿ ತೂಗುತ್ತದೆ. ಅದಕ್ಕೇ ಗಾಡಿಯನ್ನು ಮಟ್ಟವಾಗಿ, ಅಲ್ಲಾಡದಂತೆ ಹಿಡಿಯಲು ಅದರ ಅಡಿಯಲ್ಲೇ ಜೋಡಿಸಿದ ಜಾಕ್.

ಮೊದಲ ವರ್ಷ ನಾನು ಗಾಳಿ ಇಳಿಸದೆಯೇ ಜಾಕ್ ಊರಿದೆ. ಗಾಡಿ ಎತ್ತರದಲ್ಲೇ ಇತ್ತು, ಜಾಕಿನ ಕಾಲು ಉದ್ದಕ್ಕೆ ಚಾಚಬೇಕಾಯಿತು. ಕಾಲು ಉದ್ದವಾದಷ್ಟೂ ಅಲ್ಲಾಟ ಜಾಸ್ತಿ. ರಾತ್ರಿ ಬಲೂನು ಕುಗ್ಗಿ, ಅದು ಹೊತ್ತಿದ್ದ ಭಾರವೂ ಜಾಕಿನ ಮೇಲೆಯೇ ಬಿತ್ತು. ಕೆಳಗೆ ಮರಳು. ಬೆಳಿಗ್ಗೆ ನೋಡಿದರೆ ಒಂದು ಕಾಲು ಹೂತುಹೋಗಿ, ಲೋಟದ ಕಾಫಿ ಓರೆಯಾಗಿ ನಿಂತಿತ್ತು! ಈಗ ಗಾಳಿ ಪೂರ್ತಿ ಬಿಟ್ಟು, ಗಾಡಿ ಕೂತ ಮೇಲೆಯೇ ಹಲಗೆ ಇಟ್ಟು ಜಾಕ್ ಊರುತ್ತೇನೆ. ಎಷ್ಟೋ ಹೊಸ ಗಾಡಿಗಳಲ್ಲಿ ಒಂದು ಗುಂಡಿ ಒತ್ತಿದರೆ, ಹಲಗೆ ಇಡುವುದೊಂದು ಬಿಟ್ಟು ಉಳಿದದ್ದು ತಾನಾಗಿ ಆಗುತ್ತದೆ. ಅಲ್ಲಿಯವರದು ಅಚ್ಚುಕಟ್ಟು, ಒಪ್ಪುತ್ತೇನೆ.

"ಚಕ್ರಕ್ಕೆ ಕಲ್ಲು?" ಎಂದರು ಚಿಕ್ಕಪ್ಪ.

ಇಲ್ಲೇ ನನಗೆ ಊರಿನ ಪದ್ಧತಿ ಮೇಲು ಅನಿಸುವುದು. ನಮ್ಮ ಕಡೆ ಲಾರಿ ನಿಂತ ಕೂಡಲೇ ಕ್ಲೀನರ್ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಆಮೇಲೆ ಉಳಿದದ್ದು. ಅಲ್ಲಿ ಎಷ್ಟೋ ಜನ ಗುಂಡಿ ಒತ್ತಿ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾರೆ. ಇಂಥ ಗಾಡಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಇಳಿಜಾರಿನಲ್ಲಿ ಮಟ್ಟ ಮಾಡಲು ಹೋಗಿ ಹಿಂದಿನ ಚಕ್ರ ನೆಲ ಬಿಟ್ಟರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಜಾಕಿನ ಕಾಲು ಮಡಚಿ ಗಾಡಿ ಜಾರಬಹುದು. ಹಿಂದಿನ ಚಕ್ರ ಎತ್ತಲೇಬಾರದು, ಅಷ್ಟು ಇಳಿಜಾರಿದ್ದರೆ ಬೇರೆ ಜಾಗ ಹುಡುಕಬೇಕು. ಕ್ಲೀನರ್ ಹುಡುಗನಿಗೆ ಇದನ್ನು ಯಾರೂ ಓದಿಸಿಲ್ಲ, ಆದರೂ ಗೊತ್ತು.

ಬಲೂನಾಗಲಿ ಜಾಕಾಗಲಿ, ಅದನ್ನಷ್ಟೇ ನಂಬಿ ಗಾಡಿಯಡಿ ನುಗ್ಗಬಾರದು ಎಂಬ ನನ್ನ ಮಾತಿಗೆ ಚಿಕ್ಕಪ್ಪ ಸುಮ್ನೆ ತಲೆಯಾಡಿಸಿದರು. ಅವರ ಲಾರಿಯ ಕಮಾನ್ ಪ್ಲೇಟಿಗೆ ಸೋರುವ ರೋಗವಿರಲಿಲ್ಲ, ಆದರೂ ಗಾಡಿಯ ಕೆಳಗೆ ದಿಮ್ಮಿ ಕೊಡದೆ ಅವರು ಒಮ್ಮೆಯೂ ನುಗ್ಗಿದವರಲ್ಲ.

ಹೊರಡುವಾಗಲೂ ನಾನು ಅವಸರ ಮಾಡುವುದಿಲ್ಲ. ಎಂಜಿನ್ ಓಡಿಸಿ, ಜಾಕಿನ ಕಾಲು ಪೂರ್ತಿ ಒಳಗೆ ಹೋಗಿ, ಬಲೂನು ತುಂಬಿ ಗಾಡಿ ತನ್ನ ಎತ್ತರಕ್ಕೆ ಬರುವ ತನಕ ಗೇರ್ ಮುಟ್ಟುವುದಿಲ್ಲ. ಕಲ್ಲು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

"ನಮ್ಮೂರ ಕಲ್ಲು ಎರಡು ತಗೊಂಡು ಹೋಗು" ಎಂದರು ಚಿಕ್ಕಪ್ಪ. ಚಿಕ್ಕಮ್ಮ ಒಳಗಿನಿಂದಲೇ ಕೂಗಿದರು, "ಆ ತೂಕ ಮಾವಿನಕಾಯಿ ಉಪ್ಪಿನಕಾಯಿಗೆ ಇರ್ಲಿ!"