ಗೀಳು ಬೆಳೆಯುವುದು ನೆಮ್ಮದಿಯಿಂದಲೇ

ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ, ಅದನ್ನು ತಣಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆಯೇ ಓಸಿಡಿ. ಅದೆಂದರೆ ಬರೀ ಅತಿ ಶುಚಿ ಎಂದು ನಗೆಯಾಡುವವರು ದಯವಿಟ್ಟು ಪೂರ್ತಿ ಓದಿ.

‘ಗ್ಯಾಸ್ ಆಫ್ ಮಾಡಿದೆನಾ?’ ಎಂಬ ಅನುಮಾನ ಯಾರಿಗೆ ಬರುವುದಿಲ್ಲ? ಎದ್ದು ಹೋಗಿ ನಾಬ್ ಮುಟ್ಟಿ ನೋಡಿದರೆ ಎರಡು ನಿಮಿಷ ಹಾಯೆನಿಸುತ್ತದೆ. ಗೀಳು ಬೇರು ಬಿಡುವುದು ಆ ಎರಡು ನಿಮಿಷದಲ್ಲಿ. ‘ನೋಡಿದ್ದಕ್ಕೇ ಅನಾಹುತ ತಪ್ಪಿತು’ ಎಂದು ಮಿದುಳು ಕಲಿತುಬಿಡುತ್ತದೆ. ನಾಳೆ ಒಂದು ಸಲ ಸಾಲದು, ಮೂರು ಸಲ ಬೇಕು. ಆಮೇಲೆ ರೆಗ್ಯುಲೇಟರ್, ಗೀಸರ್ ಸ್ವಿಚ್ಚು, ಬಾಗಿಲ ಬೀಗ. ನೋಡಿದಷ್ಟೂ ತನ್ನ ನೆನಪಿನ ಮೇಲೆ ತನಗೇ ಭರವಸೆ ಕುಸಿಯುತ್ತದೆ. ಪ್ರಯೋಗಗಳಲ್ಲೂ ಇದು ಕಂಡಿದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದರಲ್ಲೇ ಹೋಗುತ್ತಿದ್ದರೆ, ಇಲ್ಲವೇ ಓದು, ಕೆಲಸ ಕೆಡುತ್ತಿದ್ದರೆ ಅದು ಕಾಯಿಲೆ.

ಬಹುಪಾಲು ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗುತ್ತದೆ. ನಮ್ಮ ಕೆಲವು ಮನೆಗಳಲ್ಲಿ ಮಡಿಯ ಮರೆಯಲ್ಲಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಪೂಜೆ ಮುಗಿದರೆ ಮಡಿಯೂ ಮುಗಿಯಿತು. ಗೀಳಿನ ತೊಳೆತಕ್ಕೆ ಮುಗಿತಾಯವಿಲ್ಲ. ಇನ್ನು ಕೆಲವರಿಗೆ ದೇವರನ್ನು ಬೈಯುವ, ಮಗುವಿಗೆ ಚಾಕು ಹಾಕುವಂಥ ಯೋಚನೆಗಳು ನುಗ್ಗುತ್ತವೆ. ಅವು ಅವರ ಆಸೆಗಳಲ್ಲ. ತಮ್ಮ ಸ್ವಭಾವಕ್ಕೇ ವಿರುದ್ಧವಾದ್ದರಿಂದ ಅಷ್ಟು ಹೆದರುತ್ತಾರೆ, ಯಾರಿಗೂ ಬಾಯಿ ಬಿಡುವುದಿಲ್ಲ.

ಚಿಕಿತ್ಸೆ ಈ ನೆಮ್ಮದಿಯ ಕೊಂಡಿಯನ್ನೇ ಕಳಚುತ್ತದೆ. ಥೆರಪಿಸ್ಟ್ ಜೊತೆ ಕೂತು ಭಯಗಳಿಗೆ 0ರಿಂದ 100ರವರೆಗೆ ಅಂಕ ಹಾಕಿ, 30–40ರದ್ದನ್ನು ಮೊದಲು ಎತ್ತಿಕೊಳ್ಳುತ್ತಾರೆ. ಬಾಗಿಲ ಹಿಡಿ ಮುಟ್ಟಬೇಕು, ಕೈ ತೊಳೆಯಬಾರದು. ಚಡಪಡಿಕೆ ಏರುತ್ತದೆ, ತೊಳೆಯದೆಯೂ ತಡೆದುಕೊಳ್ಳಬಹುದು ಎಂಬುದು ನಿಧಾನಕ್ಕೆ ಮೈಗೂಡುತ್ತದೆ. ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು. ಕದ್ದು ಬಟ್ಟೆಗೆ ಕೈ ಒರೆಸಿಕೊಂಡರೆ, ಮನಸ್ಸಲ್ಲೇ ಮಂತ್ರ ಹೇಳಿಕೊಂಡರೆ ಆ ದಿನದ ಅಭ್ಯಾಸ ನೀರುಪಾಲು.

ಮಾತ್ರೆಯ ವಿಷಯದಲ್ಲಿ ಎಡವುವುದು ಅವಸರದಿಂದ. ಖಿನ್ನತೆಗೆ ಫ್ಲುಯೋಕ್ಸೆಟಿನ್ ಎಂಬ ಮಾತ್ರೆ ದಿನಕ್ಕೆ 20 ಮಿ.ಗ್ರಾಂ ಎಷ್ಟೋ ಜನರಿಗೆ ಸಾಕು. ಗೀಳಿಗೆ ವೈದ್ಯರು 60–80ರವರೆಗೂ ಏರಿಸಬೇಕಾಗಬಹುದು. ಗುಣ ಕಾಣಲು 8–12 ವಾರ. ಮೂರನೇ ವಾರಕ್ಕೇ ‘ಕೆಲಸ ಮಾಡ್ತಿಲ್ಲ’ ಎಂದು ಬಿಡುವವರನ್ನು ನೆನೆದರೆ ಸಂಕಟವಾಗುತ್ತದೆ. ಗುಣವಾದ ಮೇಲೂ ಒಂದೆರಡು ವರ್ಷ ಮುಂದುವರಿಸಬೇಕು. ತಟ್ಟನೆ ನಿಲ್ಲಿಸಿದರೆ ಗೀಳು ಮರಳುವ ಸಂಭವ ಹೆಚ್ಚು.

ಮನೆಯವರಿಗೆ ಒಂದು ಮಾತು. ‘ಅಮ್ಮಾ, ಕೈ ಕ್ಲೀನ್ ಆಗಿದೆಯಾ?’ ಎಂದು ಇಪ್ಪತ್ತನೇ ಸಲ ಕೇಳಿದಾಗ ‘ಆಗಿದೆ ಮಗಾ’ ಅನ್ನುವುದು ಪ್ರೀತಿಯೇ. ಆದರೆ ಗೀಳಿಗೆ ಅದೂ ಒಂದು ತುತ್ತು. ಹಾಗಂತ ಇವತ್ತಿಂದಲೇ ಮೌನ ಹಿಡಿಯಬೇಡಿ, ಬೈಯಬೇಡಿ. ಸಮಾಧಾನವಾಗಿರುವ ಹೊತ್ತಲ್ಲಿ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ: ‘ಇದು ಗೀಳು ಕೇಳ್ತಿರೋ ಪ್ರಶ್ನೆ, ಉತ್ತರ ಹೇಳಲ್ಲ, ನಿನ್ನ ಜೊತೆ ಕೂತಿರ್ತೀನಿ.’ ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.