ಹಗಲು ಹೊತ್ತಿನ ಬಾಣಾಸುರ

ಮೊನ್ನೆ ಸೋಮವಾರ ಅಂಚೆಯವರು ಕೊಟ್ಟುಹೋದ ಲಕೋಟೆಯಲ್ಲಿ ಒಂದೇ ಪುಟದ ಪತ್ರವಿತ್ತು. ಕಳೆದ ಸಾಲಿನಲ್ಲಿ ನಮ್ಮ ಮೂಡಲಪಾಯ ಯಕ್ಷಗಾನ ಮೇಳಕ್ಕೆ ಮಂಜೂರಾದ ಸರ್ಕಾರದ ಧನಸಹಾಯದ ಲೆಕ್ಕವನ್ನು ಪರಿಶೀಲಿಸಲಾಗಿ, ‘ಬೆಳಿಗ್ಗೆ 9.00ರಿಂದ ಸಂಜೆ 6.00ರವರೆಗೆ ನಡೆದ ಕಾರ್ಯಕ್ರಮಕ್ಕೆ ದೀಪದ ವ್ಯವಸ್ಥೆಯ ಬಾಬ್ತು ರೂ. 1,800 ವೆಚ್ಚ ಮಾಡಿರುವುದರ ಅಗತ್ಯ ಕಂಡುಬರುವುದಿಲ್ಲ; ಏಳು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಸದರಿ ಮೊತ್ತವನ್ನು ಹಿಂದಿರುಗಿಸತಕ್ಕದ್ದು’ ಎಂದು ಅದರಲ್ಲಿ ಬರೆದಿತ್ತು. ಪ್ರಶ್ನೆ ನ್ಯಾಯವಾದದ್ದೇ. ಮಟಮಟ ಮಧ್ಯಾಹ್ನದಲ್ಲಿ ದೀಪ ಹಚ್ಚಿಕೊಂಡು ಕುಣಿಯುವವರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಇದಕ್ಕೆ ಉತ್ತರ ಬರೆಯಬೇಕಾದರೆ ನಾನು ಎರಡು ವರ್ಷದ ಹಿಂದಿನ ಒಂದು ರಾತ್ರಿಯಿಂದ ಆರಂಭಿಸಬೇಕು. ಉತ್ತರಕ್ಕೆಂದು ಅವರು ಬಿಟ್ಟಿರುವ ಜಾಗ ಎರಡೂವರೆ ಸಾಲು.

ನಾನು ವೇಷ ಹಾಕುವವನಲ್ಲ, ನನಗೆ ತಾಳವೂ ನಿಲ್ಲುವುದಿಲ್ಲ. ಶಾಲೆಯಿಂದ ನಿವೃತ್ತನಾದ ಮೇಲೆ, ಕಂಪ್ಯೂಟರು ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ನಮ್ಮ ಮೇಳದ ಕಾರ್ಯದರ್ಶಿಯಾದವನು. ಮೇಳವೆಂದರೆ ಭಾಗವತರು, ಮದ್ದಳೆಯವರು, ಮುಖವೀಣೆಯವರು, ವೇಷಧಾರಿಗಳು ಎಲ್ಲರೂ ಸೇರಿ ಹದಿನಾರು ಮಂದಿ, ಎಲ್ಲರೂ ರೈತರು. ರಾಗಿ ಕಣದಿಂದ ಮನೆಗೆ ಬಂದ ಮೇಲೆ ಅಭ್ಯಾಸ, ಬೇಸಿಗೆಯಲ್ಲಿ ಆಟ. ಇದು ತಲೆಮಾರುಗಳಿಂದ ಯಾರ ಅನುಮತಿಯೂ ಇಲ್ಲದೆ ನಡೆದುಕೊಂಡು ಬಂದಿತ್ತು. ಆದರೆ ಧನಸಹಾಯ ಬೇಕೆಂದರೆ ಮೇಳ ಸಾಲದು, ಸಂಘ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಮಂದಿ ಬೇಕು. ಹದಿನಾರು ಮಂದಿಯಲ್ಲಿ ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕಿನ ಪಾಸ್‌ಬುಕ್ ಮೂರರಲ್ಲೂ ಒಂದೇ ಹೆಸರಿರುವ ಏಳು ಮಂದಿಯನ್ನು ಹುಡುಕಲು ನನಗೆ ಒಂದು ತಿಂಗಳು ಹಿಡಿಯಿತು. ಕೃಷ್ಣನ ವೇಷದವರ ಹೆಸರು ಮೂರು ಕಡೆ ಮೂರು ಬಗೆಯಲ್ಲಿತ್ತು, ದಶಾವತಾರಕ್ಕೆ ಏಳು ಕಡಿಮೆ. ಕೊನೆಗೆ ಕಾಗದಪತ್ರಗಳೆಲ್ಲ ಅಚ್ಚುಕಟ್ಟಾಗಿದ್ದದ್ದು ಕೋಡಂಗಿಯ ವೇಷದವರಲ್ಲಿ ಮಾತ್ರವಾದ್ದರಿಂದ ಅವರೇ ನಮ್ಮ ಅಧ್ಯಕ್ಷರಾದರು. ಆ ವೇಷಕ್ಕೆ ಈಗ ನಗು ಸ್ವಲ್ಪ ಕಡಿಮೆಯಾಗಿದೆ. ಅಧ್ಯಕ್ಷರನ್ನು ನೋಡಿ ಹೇಗೆ ನಗುವುದೆಂದು ಜನ ಹಿಂಜರಿಯುತ್ತಾರೆ.

ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ ಕೇಳಿದರು. ನಮ್ಮ ಒಂದು ವರ್ಷದ ನಗದು ಆದಾಯ 11,340 ರೂಪಾಯಿ. ಲೆಕ್ಕಪರಿಶೋಧಕರ ಶುಲ್ಕ 5,000. ಉಳಿದ ಆದಾಯವೆಲ್ಲ ಅಕ್ಕಿ, ತೆಂಗಿನಕಾಯಿ ಮತ್ತು ಪಂಚೆಗಳ ರೂಪದಲ್ಲಿದ್ದು, ಅದನ್ನು ಯಾವ ಕಾಲಂನಲ್ಲಿ ತೋರಿಸಬೇಕೆಂದು ಲೆಕ್ಕಪರಿಶೋಧಕರಿಗೂ ತೋಚಲಿಲ್ಲ. ಕಿರೀಟ, ಭುಜಕೀರ್ತಿಗಳ ದುರಸ್ತಿಗೆ ಮೂರು ದರಪಟ್ಟಿಗಳು ಬೇಕೆಂದರು. ಹಗುರ ಮರದಲ್ಲಿ ಕಿರೀಟ ಕೆತ್ತಿ ಕನ್ನಡಿ ಚೂರು ಕೂರಿಸಬಲ್ಲವರು ನಮ್ಮ ಸುತ್ತಿನಲ್ಲಿ ಉಳಿದಿರುವುದು ಒಬ್ಬರೇ. ಅವರು ಧರ್ಮಿಷ್ಠರು, ತಮ್ಮ ಹೆಸರಿನಲ್ಲೊಂದು, ಮಗನ ಹೆಸರಿನಲ್ಲೊಂದು, ಅಳಿಯನ ಹೆಸರಿನಲ್ಲೊಂದು ದರಪಟ್ಟಿ ಬರೆದುಕೊಟ್ಟು, ಅಳಿಯನ ದರವನ್ನು ಬೇಕೆಂದೇ ಜಾಸ್ತಿ ಹಾಕಿದರು. ಅಳಿಯಂದಿರು ಈ ವಿಷಯವನ್ನು ಇನ್ನೂ ಮರೆತಿಲ್ಲ.

ಇವೆಲ್ಲ ಸಣ್ಣ ವಿಷಯಗಳು, ಅರ್ಜಿ ಹಾಕಿದವರಿಗೆಲ್ಲ ಗೊತ್ತಿರುವಂಥವು. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟಿದ್ದ ಮೇಳದ ಪರಿಚಯವನ್ನು ಜಾಲತಾಣದಲ್ಲಿ ಅಂಟಿಸಿದಾಗ ಅದು ಯಾವ ದೇಶದ ಭಾಷೆಯೂ ಅಲ್ಲದ ಅಕ್ಷರಗಳಾಗಿ ಮಾರ್ಪಟ್ಟದ್ದನ್ನೂ, ಯಕ್ಷಗಾನ, ಬಯಲಾಟ, ಜಾನಪದ ಮೂರಕ್ಕೂ ಬೇರೆ ಬೇರೆ ಅಕಾಡೆಮಿಗಳಿರುವ ಈ ರಾಜ್ಯದಲ್ಲಿ, ಊರವರ ಬಾಯಲ್ಲಿ ಬರೀ ‘ಆಟ’ವಾಗಿರುವ ನಮ್ಮದನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕೆಂದು ತಿಳಿಯದೆ ಕಡೆಗೆ ‘ಇತರೆ’ ಎಂದು ಒತ್ತಿದ್ದನ್ನೂ ನಾನು ಹೆಚ್ಚು ಬೆಳೆಸುವುದಿಲ್ಲ. ನನ್ನನ್ನು ಹಣ್ಣುಗಾಯಿ ಮಾಡಿದ್ದು ಹದಿನಾಲ್ಕನೆಯ ಕಲಂ: ಕಾರ್ಯಕ್ರಮದ ಸಮಯ.

ಮೂಡಲಪಾಯ ರಾತ್ರಿಯಿಡೀ ನಡೆಯುವ ಆಟ. ಊಟ ಮುಗಿಸಿ ಜನ ಚಾಪೆ ಹಾಸುವ ಹೊತ್ತಿಗೆ ಗಣಸ್ತುತಿ, ಮೂಡಣ ಕೆಂಪಾಗುವ ಹೊತ್ತಿಗೆ ಮಂಗಳ. ನಾನು ಪ್ರಾಮಾಣಿಕವಾಗಿ ಆರಂಭ ರಾತ್ರಿ 9.00, ಮುಕ್ತಾಯ ಬೆಳಿಗ್ಗೆ 6.00 ಎಂದು ತುಂಬಿದೆ. ಕೆಂಪು ಅಕ್ಷರಗಳು ಮೂಡಿದವು: ‘ಮುಕ್ತಾಯದ ಸಮಯವು ಆರಂಭದ ಸಮಯದ ನಂತರ ಇರತಕ್ಕದ್ದು.’ ನನ್ನ ಕೈ ತಪ್ಪಿರಬೇಕೆಂದು ಮತ್ತೊಮ್ಮೆ ತುಂಬಿದೆ, ಮತ್ತೆ ಅದೇ. ಆ ನಮೂನೆಯಲ್ಲಿ ದಿನಾಂಕಕ್ಕೆ ಒಂದೇ ಚೌಕವಿತ್ತು. ಅದರ ದೃಷ್ಟಿಯಲ್ಲಿ ನಾವು ರಾತ್ರಿ ಒಂಬತ್ತಕ್ಕೆ ಶುರುಮಾಡಿ, ಅದೇ ದಿನದ ಬೆಳಿಗ್ಗೆ ಆರಕ್ಕೆ, ಅಂದರೆ ಶುರುಮಾಡುವುದಕ್ಕೆ ಹದಿನೈದು ಗಂಟೆ ಮೊದಲೇ ಮುಗಿಸುವವರಾಗಿದ್ದೆವು.

ಮರುದಿನ ಸಹಾಯವಾಣಿಗೆ ಕರೆ ಮಾಡಿದೆ. ಅತ್ತ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದಲೇ, “ಎರಡು ದಿನದ ಕಾರ್ಯಕ್ರಮ ಅಂತ ಹಾಕಿ ಸರ್” ಎಂದಳು. ಹಾಗೆ ಹಾಕಿದೊಡನೆ ನಮೂನೆ ನಮ್ಮನ್ನು ‘ಉತ್ಸವ’ದ ವರ್ಗಕ್ಕೆ ಸೇರಿಸಿ, ಅಗ್ನಿಶಾಮಕ ದಳದ ಪತ್ರ, ವಾಹನ ನಿಲುಗಡೆಯ ನಕ್ಷೆ ಮತ್ತು ಗಣ್ಯರ ಪಟ್ಟಿಯನ್ನು ಕೇಳಿತು. ನಮ್ಮ ಆಟಕ್ಕೆ ಬರುವ ವಾಹನಗಳಲ್ಲಿ ಹೆಚ್ಚಿನವಕ್ಕೆ ಮೂಗುದಾರವಿರುತ್ತದೆ. ನಾನು ಹಿಂದಕ್ಕೆ ಬಂದೆ.

ಕೊನೆಯ ದಿನ ಸಂಜೆ ಭಾಗವತರನ್ನು ಮನೆಗೆ ಕರೆಸಿ, ಆಟವನ್ನು ಹೇಗಾದರೂ ಮಾಡಿ ರಾತ್ರಿ 11.59ಕ್ಕೆ ಮುಗಿಸಲು ಸಾಧ್ಯವೇ ಎಂದು ಕೇಳಿದೆ. ಅವರಿಗೆ ಎಪ್ಪತ್ತು ದಾಟಿದೆ. ಓದು ನಾಲ್ಕನೇ ಇಯತ್ತೆ. ಹನ್ನೊಂದು ಪ್ರಸಂಗಗಳು ಬಾಯಲ್ಲಿವೆ. ಆದರೆ ಅವರದೊಂದು ಪದ್ಧತಿ ಇದೆ: ಪ್ರಸಂಗವನ್ನು ಮಧ್ಯದಿಂದ ಎತ್ತಿಕೊಳ್ಳಲು ಅವರಿಗೆ ಬರುವುದಿಲ್ಲ. ಬಾಣಾಸುರ ರಂಗಕ್ಕೆ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಿದರೆ, ಅವರು ಕಣ್ಣು ಮುಚ್ಚಿ ಗಣಸ್ತುತಿಯಿಂದ ಹಾಡಿಕೊಂಡು ಬಂದು, ಬಾಣಾಸುರ ಬಂದ ಮೇಲೆ ಕಣ್ಣು ತೆರೆದು “ಇಷ್ಟು ಹೊತ್ತಿಗೆ” ಎನ್ನುತ್ತಾರೆ. ಮಧ್ಯದಲ್ಲಿ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ.

ನಾನು ಮೊಬೈಲಿನಲ್ಲಿ ಗಡಿಯಾರ ಒತ್ತಿಕೊಂಡು ಕುಳಿತೆ. ಗಣಪತಿ ಬಂದು ಹೋಗಿ, ಬಾಲಗೋಪಾಲರು ಕುಣಿಯುತ್ತಿರುವಾಗ ನನ್ನ ಹೆಂಡತಿ ಬಂದು ಕಾಫಿಗೆ ಸಕ್ಕರೆ ಹಾಕಬಹುದೇ ಎಂದು ಕೇಳಿದಳು. ಭಾಗವತರು ಬೇಡವೆಂದು ತಲೆಯಾಡಿಸಿ ಗಣಸ್ತುತಿಯನ್ನು ಮತ್ತೆ ಎತ್ತಿಕೊಂಡರು. ಎರಡನೆಯ ಸಲ ಸಾರಥಿಯವರೆಗೆ ಬಂದಿದ್ದಾಗ ನನ್ನ ಫೋನೇ ಹೊಡೆದುಕೊಂಡಿತು. ಅರ್ಜಿ ಸಲ್ಲಿಸಲು ಇಂದೇ ಕೊನೆಯ ದಿನವೆಂಬ ನೆನಪೋಲೆ ಅದು. ಹೀಗೆ ಆ ರಾತ್ರಿ ಗಣಪತಿ ನಮ್ಮ ಪಡಸಾಲೆಗೆ ಮೂರು ಬಾರಿ ದಯಮಾಡಿಸಿದ. ಮೂರನೆಯ ಬಾರಿ ನಾನು ಫೋನಿನ ಸದ್ದಡಗಿಸಿ, ಬಾಗಿಲಿಗೆ ಅಗುಳಿ ಹಾಕಿ, ಹೆಂಡತಿಗೆ ಸನ್ನೆಯಲ್ಲೇ ಕೈಮುಗಿದೆ. ಎರಡು ಗಂಟೆ ಕಳೆದಾಗ ಬಾಣಾಸುರನ ಒಡ್ಡೋಲಗ ಆಗಷ್ಟೇ ಮುಗಿದಿತ್ತು. ಭಾಗವತರು ಕಣ್ಣು ತೆರೆದು, “ಉಷೆ ಇನ್ನೂ ಮಲಗಿಲ್ಲ ಮೇಷ್ಟ್ರೇ” ಎಂದರು.

ಬಾಣಾಸುರನ ಮಗಳು ಉಷೆ ಮಲಗದೆ ಕನಸು ಬೀಳುವುದಿಲ್ಲ; ಕನಸು ಬೀಳದೆ ಚಿತ್ರಲೇಖೆಗೆ ಬರೆಯಲು ಮುಖ ಸಿಗುವುದಿಲ್ಲ; ಅವಳು ಬರೆಯದೆ ಅನಿರುದ್ಧ ಬರುವುದಿಲ್ಲ, ಅವನು ಬಂದು ಸೆರೆಯಾಗದೆ ಬಾಣಾಸುರನ ತೋಳು ಕಡಿಯಲು ಕೃಷ್ಣ ಬರುವುದಿಲ್ಲ. “ಸಾವಿರ ತೋಳೂ ಹಂಗೇ ಇರೋವಾಗ ಮಂಗಳ ಹಾಡಿದ್ರೆ ಜನ ನನ್ನ ತೋಳು ಬಿಡ್ತಾರಾ?” ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತೋಳುಗಳನ್ನು ನೂರಕ್ಕೆ ಇಳಿಸಬಹುದೇ ಎಂದು ಕೇಳಬೇಕೆನಿಸಿತು, ಧೈರ್ಯ ಬರಲಿಲ್ಲ.

ಸಾಲದ್ದಕ್ಕೆ ಧ್ವನಿವರ್ಧಕದ ಅನುಮತಿಯನ್ನೂ ಲಗತ್ತಿಸಬೇಕಿತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆಂದು ಸರ್ಕಾರ ಸಡಿಲಿಸಿದರೂ ಅದು ನಡುರಾತ್ರಿ 12ರವರೆಗೆ ಮಾತ್ರ, ಅದೂ ವರ್ಷದಲ್ಲಿ 15 ದಿನ ಮೀರದಂತೆ. ನಾನು ಈ ನಿಯಮವನ್ನು ದೂರುವುದಿಲ್ಲ. ಪಕ್ಕದ ಬೀದಿಯ ಆರ್ಕೆಸ್ಟ್ರಾ ಕೇಳಿದ ಮರುದಿನ ನಾನೇ ಇದನ್ನು ಹೊಗಳಿದ್ದೇನೆ. ಆದರೆ ನಿಷೇಧದ ಎಂಟು ಗಂಟೆಯೂ ನಮ್ಮ ಆಟದ ಕೊನೆಯ ಎಂಟು ಗಂಟೆಯೂ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂಡಿಬಂದದ್ದನ್ನು ಕಂಡು ಒಂದು ಗಳಿಗೆ ಬೆರಗಾದೆ. ಸಭಾಂಗಣದಂಥ ಮುಚ್ಚಿದ ಜಾಗಗಳಿಗೆ ವಿನಾಯಿತಿ ಇದೆಯೆಂದು ಓದಿ ಹೇಳಿದಾಗ ಭಾಗವತರು, “ಬಯಲಾಟನ ಎಲ್ಲಿ ಮುಚ್ಚೋದು?” ಎಂದು ಸುಮ್ಮನಾದರು.

ಗಂಟೆ 11.50. ಜಾಲತಾಣದ ದಿನವೂ 11.59ಕ್ಕೇ ಮುಗಿಯುತ್ತಿತ್ತು. ಒಳಗಿನಿಂದ ನನ್ನ ಹೆಂಡತಿ, “ಹಗಲು ಅಂತ ಹಾಕಿ ಮಲಗಬಾರದೇನ್ರೀ” ಎಂದಳು. ನಾನು ರಾತ್ರಿ ಎಂದಿದ್ದ ಕಡೆ ಬೆಳಿಗ್ಗೆ ಎಂದೂ, ಬೆಳಿಗ್ಗೆ ಎಂದಿದ್ದ ಕಡೆ ಸಂಜೆ ಎಂದೂ ಬದಲಾಯಿಸಿದೆ. ಅದೇ ಒಂಬತ್ತು, ಅದೇ ಆರು, ಅದೇ ಒಂಬತ್ತು ಗಂಟೆಗಳ ಅವಧಿ. ಹಸಿರು ಗುರುತು ಬಿತ್ತು.

ಎಂಟು ತಿಂಗಳ ನಂತರ ಮಂಜೂರಾತಿ ಪತ್ರ ಬಂದಾಗ ಊರಿನಲ್ಲಿ ಹಬ್ಬದ ಕಳೆ ಇತ್ತು. ಎರಡನೆಯ ಪುಟವನ್ನು ಓದಿದವನು ನಾನೊಬ್ಬನೇ: ಅರ್ಜಿಯಲ್ಲಿ ನಮೂದಿಸಿದ ವೇಳೆಯಲ್ಲೇ ಕಾರ್ಯಕ್ರಮ ನಡೆಯತಕ್ಕದ್ದು, ಅಧಿಕಾರಿಯೊಬ್ಬರು ಪರಿಶೀಲನೆಗೆ ಬರುತ್ತಾರೆ, ಸ್ಥಳ ಮತ್ತು ಸಮಯದ ಮುದ್ರೆಯಿರುವ ಫೋಟೊಗಳನ್ನು ಸಲ್ಲಿಸತಕ್ಕದ್ದು.

ಹೀಗಾಗಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತಕ್ಕೆ ನಾವು ಗಣಪತಿಯನ್ನು ಕರೆದೆವು. ಊರೆಲ್ಲ ಹೊಲ ತೋಟಗಳಲ್ಲಿತ್ತು. ರಂಗದ ಮುಂದೆ ನಾಲ್ವರು ಅಜ್ಜಂದಿರು, ಬೇಸಿಗೆ ರಜೆಯ ಮಕ್ಕಳು, ಒಂದು ಕರು. ಹನ್ನೊಂದರ ಹೊತ್ತಿಗೆ ಮುಖಕ್ಕೆ ಬಳಿದ ಹಳದಿ ಬಣ್ಣ ಅರದಾಳ ಬೆವರಿನೊಡನೆ ಇಳಿದು, ರೌದ್ರನಾಗಿ ಹೊರಟಿದ್ದ ಬಾಣಾಸುರ ಕಾಮಾಲೆಯಿಂದ ಎದ್ದುಬಂದವನಂತೆ ಕಾಣತೊಡಗಿದ. ಅಷ್ಟರಲ್ಲಿ ಬಂದ ಅಧಿಕಾರಿಗಳು ಇಪ್ಪತ್ತು ನಿಮಿಷ ಕುಳಿತು, ಬಹಳ ಚೆನ್ನಾಗಿದೆ ಎಂದು, ಎಳನೀರು ಕುಡಿದು ಹೊರಟರು. ಉಷೆ ಸುಡುಬಿಸಿಲಿನಲ್ಲಿ ಮಲಗಿ ಕನಸು ಕಂಡಳು. ಬೆಳಗು ಎಂಬ ಅರ್ಥದ ಹೆಸರು ಹೊತ್ತವಳು ಮಧ್ಯಾಹ್ನ ಎರಡೂವರೆಗೆ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡದ್ದು ಅಭಿನಯವಾಗಿರಲಿಲ್ಲ.

ನನಗೆ ಕಷ್ಟವಾದದ್ದು ಬೇರೆ. ಚಿಕ್ಕಂದಿನಿಂದ ನಾನು ಆ ಕಿರೀಟಗಳನ್ನು ಪಂಜಿನ ಬೆಳಕಿನಲ್ಲೋ ಗ್ಯಾಸ್‌ಲೈಟಿನಲ್ಲೋ ಕಂಡವನು. ವೇಷ ತಲೆ ತಿರುಗಿಸಿದಾಗ ಅದರ ನೂರು ಕನ್ನಡಿಗಳಲ್ಲಿ ನೂರು ಬೆಂಕಿ ಹೊತ್ತಿ ನಂದುತ್ತಿತ್ತು. ತಾಯಿಯ ಮಡಿಲಿನಲ್ಲಿ ಅರೆನಿದ್ದೆಯಲ್ಲಿದ್ದವನಿಗೆ ಅದು ಮರವೆಂದು ಯಾರೂ ಹೇಳಿರಲಿಲ್ಲ. ಅಂದು ಬಿಸಿಲಿನಲ್ಲಿ ಅದರ ಮೇಲಿನ ಚಿನ್ನದ ಕಾಗದದ ಸುಕ್ಕು, ಗೋಂದಿನ ಕಲೆ, ಎಡಗಿವಿಯ ಮೇಲೆ ಸುತ್ತಿದ್ದ ಸೈಕಲ್ ಟ್ಯೂಬಿನ ತುಂಡು ಎಲ್ಲವೂ ಕಂಡವು.

ಸಂಜೆ ಆರಕ್ಕೆ ಸರಿಯಾಗಿ ಮಂಗಳ ಹಾಡಿ, ಮುದ್ರೆಯಿರುವ ಫೋಟೊ ತೆಗೆದು, ನಾನು ಕಡತ ಮುಚ್ಚಿದೆ. ಎಂಟೂವರೆಗೆ ಜನ ಚಾಪೆ, ಕಂಬಳಿ ಹಿಡಿದುಕೊಂಡು ಬಂದು ರಂಗದ ಮುಂದೆ ಕುಳಿತರು. ಆಟ ಮುಗಿಯಿತೆಂದು ನಾನು ಎದ್ದು ನಿಂತು ಹೇಳಿದೆ. ಹಾಲು ಕರೆದು ಬಂದಿದ್ದ ಹೆಂಗಸೊಬ್ಬಳು, “ಕತ್ತಲಾಗಿದ್ದೇ ಈಗಲ್ವಾ, ಯಾವಾಗ ಮುಗೀತು?” ಎಂದಳು. ಭಾಗವತರು ನನ್ನ ಕಡೆ ನೋಡಲೂ ಇಲ್ಲ, ತಾಳ ಕೈಗೆತ್ತಿಕೊಂಡರು. ಶಾಮಿಯಾನದವನು ನಾಲ್ಕು ದೀಪ ಕಟ್ಟಿದ. ಹತ್ತು ಗಂಟೆಗೆ ಮೈಕು ಬಂದ್ ಮಾಡಿದೆವು. ಮುಖವೀಣೆಗೆ ಅದು ಬೇಕಿರಲಿಲ್ಲ. ಹಗಲೆಲ್ಲ ಹಾಡಿ ದಣಿದಿದ್ದ ಭಾಗವತರ ಗಂಟಲು ಮಾತ್ರ ಎರಡು ಗಂಟೆಯ ಹೊತ್ತಿಗೆ ಕಟ್ಟಿತು. ಆಮೇಲೆ ಪದಗಳನ್ನು ಮುಂದೆ ಕುಳಿತ ಮುದುಕಿಯರೇ ಎತ್ತಿಕೊಟ್ಟರು. ಬಾಣಾಸುರನ ತೋಳುಗಳು ಬೆಳಗಿನ ಐದೂವರೆಗೆ ಉರುಳಿದವು.

ಶಾಮಿಯಾನದವನು ದೀಪಕ್ಕೆಂದು 1,800 ರೂಪಾಯಿ ಬರೆದಿದ್ದು ಅದಕ್ಕೆ. ನಾನು ಆ ರಸೀದಿಯನ್ನು ಉಳಿದವುಗಳ ಜೊತೆ ಸೇರಿಸಿ ಪಿನ್ನು ಹೊಡೆದದ್ದು ನಿದ್ದೆಗಣ್ಣಿನಲ್ಲಿ.

ಈಗ ಸಮಜಾಯಿಷಿ. ರಾತ್ರಿಯೂ ಆಡಿದೆವೆಂದು ಬರೆದರೆ, ಮಂಜೂರಾತಿ ಇಲ್ಲದ ಕಾರ್ಯಕ್ರಮಕ್ಕೆ ಸರ್ಕಾರದ ಹಣ ಬಳಸಿದಂತಾಗುತ್ತದೆ. ಆಡಲಿಲ್ಲವೆಂದು ಬರೆದರೆ ಹಗಲು ದೀಪ ಹಚ್ಚಿದ ಬುದ್ಧಿವಂತರಾಗುತ್ತೇವೆ. ನಮ್ಮ ಅಧ್ಯಕ್ಷರು, ಅಂದರೆ ಕೋಡಂಗಿ, ಎರಡನೆಯದೇ ತಮಗೆ ಒಗ್ಗುತ್ತದೆ ಎಂದರು. ನಿನ್ನೆ ಸಂಜೆ ಭಾಗವತರನ್ನು ಕರೆಸಿ, ಆ ದಿನ ನಡೆದದ್ದನ್ನು ನೆನಪಿರುವಷ್ಟು ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಅವರು ಕಣ್ಣು ಮುಚ್ಚಿ ಗಣಸ್ತುತಿಯನ್ನು ಎತ್ತಿಕೊಂಡರು. ನಾನು ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿ ಬಂದೆ.